ನೇರಳೆ ಟಾರ್ಚಿನ ತೀರ್ಪು

ನಮ್ಮ ಮನೆಯಲ್ಲಿ ಹತ್ತೊಂಬತ್ತು ಪಿಸ್ತೂಲಿನ ಚೀಲಗಳಿವೆ, ಪಿಸ್ತೂಲು ಮಾತ್ರ ಒಂದೂ ಇಲ್ಲ. ಸಿಡ್ನಿ ಪಕ್ಕದ ಟೂಂಗಾಬಿಯ ನಮ್ಮ ಮನೆಗೆ ಯಾರೇ ಬಂದರೂ ಈ ಮಾತನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಗೆಸ್ಟ್ ರೂಮಿನ ಬೀರು ತೆಗೆದವರು ಹೆದರಿ ಹೋಗುತ್ತಾರೆ. ನಮ್ಮ ಯಜಮಾನರು ಗುರುದತ್ತ. ಹಗಲು ಹೊತ್ತು ಒಂದು ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾರೆ, ಅಂದರೆ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಸಂಬಳವಿಲ್ಲದೆ ಮುಂದುವರಿಸುತ್ತಾರೆ. ಹಿಂದಿನ ಕಾಲದ ಜರ್ಮನ್ ಸೈನಿಕರು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ತೊಗಲಿನ ಚೀಲ, ಇವರ ಭಾಷೆಯಲ್ಲಿ ಹೋಲ್‌ಸ್ಟರ್, ಅಸಲಿಯೋ ನಕಲಿಯೋ ಎಂದು ಹೇಳುವುದರಲ್ಲಿ ಇಡೀ ಆಸ್ಟ್ರೇಲಿಯಾದ ಕನ್ನಡಿಗರಲ್ಲಿ ಇವರೇ ಮೊದಲನೆಯವರು. ಎರಡನೆಯವರು ಯಾರೂ ಇಲ್ಲ, ಅದು ಬೇರೆ ವಿಷಯ.

ಪಿಸ್ತೂಲು ಇಟ್ಟುಕೊಳ್ಳಬೇಕೆಂದರೆ ಇಲ್ಲಿ ಲೈಸೆನ್ಸ್ ಬೇಕು, ಕ್ಲಬ್ಬಿನ ಮೆಂಬರ್‌ಶಿಪ್ ಬೇಕು, ನೂರೆಂಟು ಫಾರಂ ತುಂಬಬೇಕು. ಚೀಲಕ್ಕೆ ಏನೂ ಬೇಡ. ಬಾತ್‌ರೂಮಿನಲ್ಲಿ ಜಿರಳೆ ಕಂಡರೆ "ಜಯಾ!" ಎಂದು ಕಿರುಚುವ ಗಂಡಸಿಗೆ ಇದಕ್ಕಿಂತ ಹೇಳಿ ಮಾಡಿಸಿದ ಹವ್ಯಾಸ ಇನ್ನೆಲ್ಲಿ ಸಿಗಬೇಕು? ಇಷ್ಟರ ಮೇಲೆ ಮಡಿ ಬೇರೆ. ತೊಗಲು ಗೆಸ್ಟ್ ರೂಮಿನಲ್ಲಿ ಇರಬಹುದು, ಅಡುಗೆಮನೆಯ ಹೊಸಿಲು ದಾಟಕೂಡದು. ಚೀಲ ಮುಟ್ಟಿದರೆ ಮೊಣಕೈವರೆಗೆ ಕೈ ತೊಳೆಯದೆ ಊಟಕ್ಕೆ ಕೂರುವಂತಿಲ್ಲ. ಈ ನಿಯಮ ಮಾಡಿದವರೂ ಇವರೇ.

ಮಾರ್ಚ್ ತಿಂಗಳಲ್ಲಿ ಮೆಲ್ಬರ್ನಿನ ಪಾಯಿಂಟ್ ಕುಕ್‌ನಿಂದ ಇಂದ್ರೇಶ್ ಫೋನ್ ಮಾಡಿದ. ಅವನೂ ಅವನ ಹೆಂಡತಿ ಕೃಪಾಳೂ ಮೊದಲು ನಮ್ಮ ಪಕ್ಕದ ಯೂನಿಟ್ಟಿನಲ್ಲಿ ಬಾಡಿಗೆಗಿದ್ದವರು. ಈಗ ಅವನಿಗೆ ಡಾಕ್‌ಲ್ಯಾಂಡ್ಸ್‌ನಲ್ಲಿ ಕೆಲಸ, ಪಾಯಿಂಟ್ ಕುಕ್‌ನಲ್ಲಿ ಮನೆ, ಮನೆಯ ಮೇಲೆ ಮಾರ್ಟ್‌ಗೇಜ್. ಅಲ್ಲಿನ ಕನ್ನಡದವರು ಏಪ್ರಿಲ್‌ನಲ್ಲಿ ಒಂದು ಎಕ್ಸಿಬಿಷನ್ ಇಟ್ಟುಕೊಂಡಿದ್ದರು, ಯಾರ ಯಾರ ಮನೆಯಲ್ಲಿ ಹಳೇ ಯುದ್ಧದ ನೆನಪಿನ ವಸ್ತು ಇದೆಯೋ ತಂದಿಡಬೇಕಂತೆ. ಆದರೆ ತಜ್ಞರ ಸರ್ಟಿಫಿಕೇಟ್ ಇಲ್ಲದ ವಸ್ತುವನ್ನು ಸೇರಿಸುವುದಿಲ್ಲ ಎಂದು ಕಮಿಟಿಯ ಅಧ್ಯಕ್ಷ ಸುದರ್ಶನ್ ಕಟ್ಟುನಿಟ್ಟು ಮಾಡಿದ್ದ. ನಮ್ಮವರು ಫೋನನ್ನು ಸ್ಪೀಕರಿಗೆ ಹಾಕಿಕೊಂಡರು, ತಮ್ಮನ್ನು ಯಾರಾದರೂ ತಜ್ಞರೆಂದರೆ ನನಗೂ ಕೇಳಿಸಲಿ ಎಂದು.

"ಸರ್, ನಮ್ ಮುತ್ತಜ್ಜಂದು. ಫಸ್ಟ್ ವರ್ಲ್ಡ್ ವಾರ್. ಮೈಸೂರು ಲ್ಯಾನ್ಸರ್ಸ್ ಕುದುರೆಪಡೇಲಿದ್ರು. ಹೈಫಾದಲ್ಲಿ ಒಬ್ಬ ಜರ್ಮನ್ ಆಫೀಸರ್‌ನ ಹೊಡೆದು ಕೆಡವಿ ಕಿತ್ಕೊಂಡ್ ಬಂದಿದ್ದು," ಎಂದ ಇಂದ್ರೇಶ್.

ಹಿಂದಿನಿಂದ ವಯಸ್ಸಾದ ದನಿಯೊಂದು ಕೇಳಿಸಿತು. "ಹೊಡೆದಿದ್ದಲ್ಲ ಕಣೋ..."

"ಅಪ್ಪ, ಸ್ವಲ್ಪ ಸುಮ್ನಿರಿ, ಸರ್ ಹತ್ರ ಮಾತಾಡ್ತಿದ್ದೀನಿ."

"ಕಥೆ ಬೇಡ ಇಂದ್ರೇಶ್," ಎಂದರು ನಮ್ಮವರು. "ವಸ್ತು ನೋಡು, ಕಥೆ ಕೇಳಬೇಡ. ಇದು ನಮ್ ಫೀಲ್ಡಿನ ಮೊದಲನೇ ರೂಲ್. ನೀನು ವಸ್ತು ಕಳಿಸು."

ಆಮೇಲೆ ಕೃಪಾ ನನಗೆ ಬೇರೆಯಾಗಿ ಫೋನ್ ಮಾಡಿ ಒಳಗಿನ ವಿಷಯ ಹೇಳಿದಳು. ಆ ಚೀಲ ಅವಳ ಮಾವ ರಾಜಣ್ಣನವರದು. ಎಂಬತ್ತೆರಡು ವರ್ಷ. ಮೈಸೂರಿನಿಂದ ಮಗನ ಮನೆಗೆ ಬರುವಾಗ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಮೊದಲು ಇದನ್ನು ಇಟ್ಟುಕೊಂಡಿದ್ದರಂತೆ. ಅದು ತನ್ನ ತಾತ ಯುದ್ಧದಿಂದ ತಂದದ್ದು ಎಂದು ಊರಲ್ಲಿ ಹೇಳಿದಾಗೆಲ್ಲ ಜನ ನಕ್ಕು, "ಬುರುಡೆ ರಾಜಣ್ಣ" ಎಂದು ಹೆಸರಿಟ್ಟಿದ್ದರು. "ಅವರಿಗೆ ಬೇರೇನೂ ಬೇಡ ಅಕ್ಕ," ಎಂದಳು ಕೃಪಾ. "ಒಂದ್ ಸಲ ಅವರ ತಾತನ ಹೆಸರು ಬರೆದು ಇಟ್ಟಿರ್ಬೇಕು, ನಾಲ್ಕು ಜನ ನಿಂತ್ಕೊಂಡು ಓದ್ಬೇಕು, ಅಷ್ಟೇ ಅಂತಾರೆ. ದಿನಾ ಕ್ಯಾಲೆಂಡರ್ ನೋಡ್ತಾರೆ ಪಾಪ."

ಇಂಥ ವಸ್ತುವನ್ನು ಇನ್ಶೂರೆನ್ಸ್ ಮಾಡಿಸಿ ಕೊರಿಯರಿನಲ್ಲಿ ಕಳಿಸಬೇಕು. ಆದರೆ ನಮ್ಮವರಿಗೆ ಅದೆಲ್ಲ ಎಲ್ಲಿ ಬರಬೇಕು? "ಯಾರಾದ್ರೂ ಮೆಲ್ಬರ್ನ್‌ನಿಂದ ಸಿಡ್ನಿಗೆ ಬರ್ತಿದ್ದೀರಾ? ಒಂದು ಸಣ್ಣ ಪಾರ್ಸೆಲ್" ಎಂದು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಆಫೀಸಿನ ಕೆಲಸಕ್ಕೆ ಬರುತ್ತಿದ್ದ ಸಂಪತ್ ಸಿಕ್ಕಿಬಿದ್ದ. ಇನ್ನು ನಮ್ಮ ಕೃಪಾ. ಒಬ್ಬರ ಮನೆಗೆ ಖಾಲಿ ಪಾತ್ರೆ ಕಳಿಸಬಾರದು ಎಂದು ಅವಳಿಗೆ ತಾಯಿ ಕಲಿಸಿದ್ದಾಳೆ, ಒಳ್ಳೆಯ ಮನೆತನದ ಹುಡುಗಿ. ಜರ್ಮನ್ ಚೀಲವಾದರೇನು, ಖಾಲಿ ಖಾಲಿಯೇ ಅಲ್ಲವೇ? ಮನೆಯಲ್ಲೇ ಹುರಿದು ಪುಡಿ ಮಾಡಿದ ಹುಳಿಪುಡಿಯ ಎರಡು ಪ್ಯಾಕೆಟ್ಟನ್ನು ಅದರೊಳಗೆ ತುರುಕಿ, ಮುಚ್ಚಳ ಹಾಕಿ, ಸಂಪತ್‌ನ ಕೈಗೆ ಕೊಟ್ಟಳು.

ಶುಕ್ರವಾರ ಮಧ್ಯಾಹ್ನ ಅವನು ಪಾರ್ಸೆಲ್ ಕೊಟ್ಟು ಹೋದ. ಯಜಮಾನರು ಆಫೀಸಿನಲ್ಲಿದ್ದರು. ಕವರು ಬಿಚ್ಚುತ್ತಿದ್ದಂತೆ ಘಮ್ಮೆಂದಿತು. ಪ್ಯಾಕೆಟ್ಟು ಎರಡೂ ಒಡೆದು ಆ ಚೀಲದ ಒಳಗೆ, ಹೊರಗೆ, ಹೊಲಿಗೆಯ ಸಂದುಗೊಂದಿನಲ್ಲೆಲ್ಲ ಹುಳಿಪುಡಿ. ನಾನೇನು ಮಾಡಬೇಕಿತ್ತು? ಮರುದಿನ ಮನೆಯಲ್ಲಿ ಸತ್ಯನಾರಾಯಣ ಪೂಜೆ, ನಲವತ್ತು ಜನ ಊಟಕ್ಕೆ, ಡಬ್ಬಿಯಲ್ಲಿ ಹುಳಿಪುಡಿ ತಳ ಕಂಡಿತ್ತು. ಅಂಗಡಿಯ ಪುಡಿ ಹಾಕಿದರೆ ಇವರ ಸೋದರತ್ತೆ ವಾಸನೆಯಲ್ಲೇ ಕಂಡುಹಿಡಿಯುತ್ತಾರೆ. ನ್ಯೂಸ್‌ಪೇಪರ್ ಹಾಸಿ ಚೀಲವನ್ನು ಬೋರಲು ಹಾಕಿ ತಟ್ಟಿದೆ. ಜರಡಿ ಹಿಡಿದೆ, ಡಬ್ಬಿಗೆ ತುಂಬಿದೆ. ಚೀಲವನ್ನು ಒಣಬಟ್ಟೆಯಲ್ಲಿ ಒರೆಸಿ ಗೆಸ್ಟ್ ರೂಮಿನಲ್ಲಿಟ್ಟೆ. ಬ್ಯಾಡಗಿ ಮೆಣಸಿನಕಾಯಿಯ ಬಂಗಾರದಂಥ ಪುಡಿ, ಚೆಲ್ಲಲು ನನಗೇನು ಹುಚ್ಚೇ?

ಶನಿವಾರದ ಹುಳಿಯನ್ನು ನಲವತ್ತು ಜನವೂ ಹೊಗಳಿದರು. ಸೋದರತ್ತೆ ರೆಸಿಪಿ ಕೇಳಿದರು. ಮಡಿಯುಟ್ಟ ನಮ್ಮ ಯಜಮಾನರು ಮೂರು ಸಲ ಹಾಕಿಸಿಕೊಂಡರು. "ಸಿಕ್ತಾ ಅಕ್ಕ ಪುಡಿ?" ಎಂದು ಕೃಪಾ ಮೆಸೇಜ್ ಮಾಡಿದ್ದಳು. "ಸೂಪರ್ ಇತ್ತು ಕಣೇ" ಎಂದು ಬರೆದು ಸುಮ್ಮನಾದೆ.

ಭಾನುವಾರ ಬೆಳಿಗ್ಗೆ ಪರೀಕ್ಷೆ ಶುರುವಾಯಿತು. ಇವರು ಬಿಳಿ ಗ್ಲೌಸು ಹಾಕಿಕೊಂಡು, ಭೂತಗನ್ನಡಿ ಹಿಡಿದು, ಮೇಜಿನ ಮೇಲೆ ಬಿಳಿ ಟವೆಲ್ ಹಾಸಿದರು. ನಾನು ಕಾಫಿ ತಂದು ಬಾಗಿಲಲ್ಲೇ ನಿಂತೆ. ಮೊದಮೊದಲು ಇವರ ಮುಖ ಅರಳುತ್ತಲೇ ಹೋಯಿತು.

"ನೋಡು ಜಯಾ, ಬ್ರೌನ್ ಲೆದರ್. ಎರಡನೇ ಯುದ್ಧದ್ದಾದ್ರೆ ಸಾಮಾನ್ಯವಾಗಿ ಕಪ್ಪಗಿರುತ್ತೆ. ಮುಚ್ಚಳದ ಒಳಗೆ ನೋಡು, ಸಣ್ಣ ಟೂಲ್ ಇಡೋಕೆ ಪುಟ್ಟ ಜೇಬು. ಅಂಚಿನಲ್ಲಿ ಎಕ್ಸ್‌ಟ್ರಾ ಗುಂಡಿನ ಮ್ಯಾಗಝೀನ್‌ಗೆ ಜಾಗ. ಹಿಂದೆ ಮುದ್ರೆ. ಮಾಡಿದೋರ ಹೆಸರು ಅಳಿಸಿದೆ, ಆದ್ರೆ ಬರ್ಲಿನ್ ಅಂತ ಇದೆ, 1916 ಇದೆ. ಅಯ್ಯೋ, ನಂದೇ ಹತ್ತೊಂಬತ್ತರಲ್ಲಿ ಇಂಥದ್ದು ಒಂದಿಲ್ಲ!"

ಕೊನೆಯ ಮಾತು ಹೇಳುವಾಗ ಮುಖದಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಕಂಡಿತು. ಇವರು ಚೀಲವನ್ನು ಮೂಗಿನ ಹತ್ತಿರ ತಂದರು. ನೂರು ವರ್ಷದ ತೊಗಲು ಹಳೇ ಪುಸ್ತಕದ ವಾಸನೆ ಬರಬೇಕಂತೆ. ಮೂಸಿದರು, ಮತ್ತೆ ಮೂಸಿದರು, ಹುಬ್ಬು ಗಂಟಿಕ್ಕಿತು.

"ಇಂಗು!" ಎಂದರು.

ನಾನು ಕಾಫಿ ಲೋಟವನ್ನು ಇವರ ಮುಂದಿಟ್ಟೆ.

"ಇಂಗು, ಕೊತ್ತಂಬರಿ ಬೀಜ, ಮೆಂತ್ಯ. ಇದು ಬರ್ಲಿನ್ ವಾಸನೆ ಅಲ್ಲ ಜಯಾ. ಮಸಾಲೆ ಅಂಗಡಿ ಪಕ್ಕದ ಯಾವ್ದೋ ವರ್ಕ್‌ಶಾಪಲ್ಲಿ ಹೊಲೆದಿರೋದು. ಕಾನ್ಪುರ ಕಡೆ ಮಾಲು. ಅಲ್ಲಿ ಇಂಥ ಕಾಪಿ ಮಾಡೋರು ಬೇಕಾದಷ್ಟು ಜನ ಇದ್ದಾರೆ."

"ರೀ, ವಾಸನೆ ದಾರೀಲಿ ಅಂಟ್ಕೊಂಡಿರ್ಬಹುದು. ಒಂದ್ ಫೋನ್ ಮಾಡಿ ಆ ಯಜಮಾನರನ್ನೇ ಕೇಳ್ಬಾರ್ದಾ?"

"ಕಥೆ ಕೇಳಬಾರದು ಅಂತ ಹೇಳಿಲ್ವಾ? ತಡಿ, ಸೈನ್ಸೇ ಹೇಳುತ್ತೆ."

ಕಿಟಕಿಯ ಪರದೆ ಎಳೆದು ತಮ್ಮ ಬ್ರಹ್ಮಾಸ್ತ್ರ ತೆಗೆದರು, ನೇರಳೆ ಬೆಳಕಿನ ಒಂದು ಪುಟ್ಟ ಟಾರ್ಚು. ಹಳೇ ಕಾಲದ ನಾರಿನ ದಾರ ಈ ಬೆಳಕಲ್ಲಿ ಮಂಕಾಗಿ ಕಾಣುತ್ತದೆ, ಈಗಿನ ಸಿಂಥೆಟಿಕ್ ದಾರ ಫಳಫಳ ಹೊಳೆಯುತ್ತದೆ. ಟಾರ್ಚು ಹಚ್ಚಿದ್ದೇ ತಡ, ಚೀಲದ ಹೊಲಿಗೆ ಉದ್ದಕ್ಕೂ ಹಳದಿಯಾಗಿ ಜಗಜಗ ಉರಿಯಿತು. ಅದು ಆ ಹುಳಿಪುಡಿಯ ಅರಿಶಿನ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಇವರು ಮಾತ್ರ, "ನೋಡಿದ್ಯಾ? ನೈಲಾನ್! ಅದೂ ಹೊಸ ಟೈಪಿಂದು," ಎಂದು ಕುಣಿದಾಡಿದರು. ಒಳಗೆ ಬೆರಳು ಹಾಕಿ ನೋಡಿ ಇನ್ನೊಂದು ಅಪರಾಧವನ್ನೂ ಪತ್ತೆ ಮಾಡಿದರು. ತಳದಲ್ಲಿ ಸಣ್ಣ ಸಣ್ಣ ತುಕ್ಕಿನ ಚುಕ್ಕಿ, ಚೂಪಾದ ಏನೋ ಚುಚ್ಚಿದ ಗುರುತು. ಪಿಸ್ತೂಲಿನಿಂದ ಹಾಗಾಗುವುದಿಲ್ಲವಂತೆ. ಹಳೆಯದು ಎಂದು ಕಾಣಲಿ ಎಂದೇ ಯಾರೋ ಬೇಕೆಂದು ಮಾಡಿದ್ದಂತೆ.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಹೇಳಿದರೆ ಏನಾಗುತ್ತದೆ? ತೊಗಲಿನ ಚೀಲದಿಂದ ತಟ್ಟಿ ತೆಗೆದ ಪುಡಿಯನ್ನು ದೇವರ ಪೂಜೆಯ ದಿನ ನಲವತ್ತು ಜನಕ್ಕೆ ಬಡಿಸಿದ್ದೀಯಾ ಎಂದು ಮನೆ ಎರಡಾಗುತ್ತದೆ. ಸೋದರತ್ತೆ ಸತ್ತರೂ ನಮ್ಮ ಹೊಸಿಲು ತುಳಿಯುವುದಿಲ್ಲ. (ಅದೊಂದು ಲಾಭವೇ, ಆದರೂ.) ನಾನು ಹೇಡಿ, ಸುಮ್ಮನೆ ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದೆ.

ಇವರು ನಾಲ್ಕು ಪುಟದ ರಿಪೋರ್ಟ್ ಬರೆದರು. ಇಂದ್ರೇಶ್ ಕೊನೆಯ ಸಾಲು ಮಾತ್ರ ಓದಿದನಂತೆ. ಒಂದು ವಾರದ ಮೇಲೆ ಕೃಪಾ ಫೋನ್ ಮಾಡಿದಾಗ ಅವಳ ದನಿ ಬಿದ್ದುಹೋಗಿತ್ತು.

"ನಮ್ಮನೆಯವರು ಮಾವನ ಮೇಲೆ ರೇಗಾಡಿಬಿಟ್ರು ಅಕ್ಕ. ಕಮಿಟಿಯವರ ಮುಂದೆ ನನ್ ಮರ್ಯಾದೆ ತೆಗೆದ್ರಿ ಅಂತ. ಮಾವ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಮೂರನೇ ದಿನ ಅವ್ರೇ ಕರೆದು, 'ಹೌದಪ್ಪ, ನಾನು ಮೈಸೂರಲ್ಲಿ ಮಾರ್ಕೆಟ್ಟಿನ ಹತ್ರ ಯಾರೋ ಮಾರ್ತಿದ್ರು, ತಗೊಂಡೆ. ತಾತ ತಂದಿದ್ದು ಅಂತ ಸುಮ್ನೆ ಹೇಳ್ತಿದ್ದೆ,' ಅಂದ್ಬಿಟ್ರು."

ಎಂಬತ್ತೆರಡು ವರ್ಷದ ಹಿರಿಯರು ನನ್ನ ಹುಳಿಯ ಪಾಪವನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡಿದ್ದರು. ಅಷ್ಟರಲ್ಲಿ ಸುದರ್ಶನ್ ಎಂಬ ಆ ಅಧ್ಯಕ್ಷನಿಗೆ ಒಂದು ಅದ್ಭುತ ಐಡಿಯಾ ಹೊಳೆದಿತ್ತು. ಚೀಲವನ್ನು ವಾಪಸ್ ಕೊಡುವುದು ಯಾಕೆ, ಎಕ್ಸಿಬಿಷನ್ನಿನಲ್ಲೇ "ನಕಲಿ ವಸ್ತುಗಳ ಮೂಲೆ" ಎಂದು ಮಾಡಿ ಅಲ್ಲಿಡೋಣ, ಗುರುದತ್ತ ಅವರು ಬಂದು ನಕಲಿ ಕಂಡುಹಿಡಿಯುವುದು ಹೇಗೆ ಎಂದು ಡೆಮೊ ಕೊಡಲಿ, ಶಾಲು ಹೊದಿಸೋಣ ಎಂದು. ಶಾಲೆಂದರೆ ನಮ್ಮವರು ಕರೆಯದೇ ಇದ್ದರೂ ಹೋಗುವವರು. ಎರಡು ಟಿಕೆಟ್ ಬುಕ್ ಮಾಡಿ, ಚೀಲವನ್ನೂ ಜೊತೆಗೆ ತೆಗೆದುಕೊಂಡರು. ವಿಮಾನದಲ್ಲಿ ನಾನು ಒಂದೇ ಒಂದು ಮಾತೂ ಆಡಲಿಲ್ಲ. ಹೆಂಡತಿ ತಮ್ಮ ಭಾಷಣದ ಬಗ್ಗೆ ಯೋಚಿಸುತ್ತಿದ್ದಾಳೆ ಎಂದುಕೊಂಡು ಇವರು ಖುಷಿಯಾಗಿದ್ದರು.

ಪಾಯಿಂಟ್ ಕುಕ್‌ನ ಕಮ್ಯುನಿಟಿ ಹಾಲ್. ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ. ಗಾಜಿನ ಪೆಟ್ಟಿಗೆಯಲ್ಲಿ ಯಾರದೋ ಮೆಡಲು, ಯಾರದೋ ಸೈನ್ಯದ ಮಗ್ಗು, ಗೋಡೆಯ ಮೇಲೆ ಯುದ್ಧ ನಡೆದ ಹೈಫಾ ಊರಿನ ನಕಾಶೆ. ಆಸ್ಟ್ರೇಲಿಯಾದ ಕುದುರೆಪಡೆಯೂ ಮೈಸೂರಿನ ಕುದುರೆಪಡೆಯೂ ಒಂದೇ ಮರಳಿನಲ್ಲಿ ಓಡಾಡಿದ್ದವು ಎಂದು ಸುದರ್ಶನ್ ಎರಡು ಸಲ ಭಾಷಣ ಮಾಡಿದ. ಮೂಲೆಯ ಮೇಜಿನ ಮೇಲೆ ಒಂಟಿಯಾಗಿ ಆ ಚೀಲ. ಪಕ್ಕದಲ್ಲಿ ಕಾರ್ಡು: "ನಕಲಿ. ತಯಾರಿಕೆ: ಭಾರತ, ಇತ್ತೀಚಿನದು. ಮೈಸೂರಿನ ಮಾರುಕಟ್ಟೆಯಲ್ಲಿ ಕೊಂಡದ್ದು." ಮುಂದಿನ ಸಾಲಿನಲ್ಲಿ ರಾಜಣ್ಣನವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಕೈ ಎರಡನ್ನೂ ಮಂಡಿಯ ಮೇಲಿಟ್ಟು ಕೂತಿದ್ದರು. ಜನ ಬಂದು ಆ ಕಾರ್ಡು ಓದಿ ನಗುತ್ತಿದ್ದರು. ಅವರು ನಾಲ್ಕು ಜನ ಓದಲಿ ಎಂದಿದ್ದರಲ್ಲ, ನಲವತ್ತು ಜನ ಓದಿದರು.

ಇವರು ಭಾಷಣ ಶುರು ಮಾಡಿದರು. ಬಣ್ಣ, ಮುದ್ರೆ, ವಾಸನೆ, ಎಲ್ಲವೂ ಆಯಿತು. ಲೈಟು ಆರಿಸಲು ಹೇಳಿ ಟಾರ್ಚು ಹಚ್ಚಿದರು. ಹೊಲಿಗೆ ಹಳದಿಯಾಗಿ ಹೊಳೆಯಿತು. ಜನ ಚಪ್ಪಾಳೆ ತಟ್ಟಿದರು. ಆ ನೇರಳೆ ಬೆಳಕಿನಲ್ಲಿ ರಾಜಣ್ಣನವರು ತಲೆ ತಗ್ಗಿಸಿದ್ದು ನನಗೆ ಕಂಡಿತು.

ಥೂ, ನನ್ನ ಜನ್ಮಕ್ಕಿಷ್ಟು ಎಂದುಕೊಂಡು ಎದ್ದೆ. ಪಕ್ಕದ ಅಡುಗೆಕೋಣೆಯಲ್ಲಿ ಕೃಪಾ ನಲವತ್ತು ಜನಕ್ಕೆ ಬಿಸಿಬೇಳೆಬಾತ್ ಮಾಡುತ್ತಿದ್ದಳು. ಅವಳ ಡಬ್ಬಿಯಿಂದ ಒಂದು ಚಮಚ ಹುಳಿಪುಡಿ, ಒಂದು ಬಿಳಿ ಪೇಪರ್ ನ್ಯಾಪ್ಕಿನ್ ತೆಗೆದುಕೊಂಡು ನೇರ ವೇದಿಕೆಗೆ ಹೋದೆ. ಪುಡಿಯನ್ನು ನ್ಯಾಪ್ಕಿನ್ನಿಗೆ ಚೆನ್ನಾಗಿ ತಿಕ್ಕಿ, ಕೊಡವಿ, ಚೀಲದ ಪಕ್ಕ ಇಟ್ಟೆ.

"ಇದರ ಮೇಲೂ ಬಿಡ್ರೀ ಬೆಳಕು."

"ಜಯಾ, ಏನಿದು, ಪ್ರೋಗ್ರಾಂ ಮಧ್ಯದಲ್ಲಿ..."

"ಬಿಡ್ರೀ ಅಂದ್ರೆ!"

ಬಿಟ್ಟರು. ನ್ಯಾಪ್ಕಿನ್ ಕೂಡ ಅದೇ ಹಳದಿಯಾಗಿ ಜಗಜಗ ಹೊಳೆಯಿತು.

"ಇದೂ ನೈಲಾನಾ? ಇದು ಅರಿಶಿನ. ಕೃಪಾ ಖಾಲಿ ಚೀಲ ಕಳಿಸಬಾರದು ಅಂತ ಒಳಗೆ ಹುಳಿಪುಡಿ ಇಟ್ಟು ಕಳಿಸಿದ್ಲು. ಪ್ಯಾಕೆಟ್ ಒಡೆದಿತ್ತು. ನಾನೇ ತಟ್ಟಿ ತೆಗೆದೆ. ತಪ್ಪು ನಂದು."

ಇವರು ಟಾರ್ಚು ಹಿಡಿದೇ ನಿಂತಿದ್ದರು. "ತೆಗೆದು ಏನ್ ಮಾಡ್ದೆ?"

"ಸತ್ಯನಾರಾಯಣ ಪೂಜೆ ದಿನ ಮೂರು ಸಲ ಹಾಕಿಸ್ಕೊಂಡ್ರಲ್ಲ, ಅದೇ ಹುಳಿ."

ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ನಮ್ಮವರು ಬಾಯಿ ಮುಚ್ಚಿಕೊಂಡರು, ವಾಂತಿ ತಡೆಯಲೋ ಮಾತು ತಡೆಯಲೋ ಗೊತ್ತಾಗಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಆ ಮನುಷ್ಯ ಏನೇ ಆಗಲಿ, ಟೆಸ್ಟರ್. ಲೈಟು ಹಾಕಿಸಿ, ಹತ್ತಿಯನ್ನು ಒದ್ದೆ ಮಾಡಿಕೊಂಡು ಒಂದು ಅಂಗುಲದಷ್ಟು ಹೊಲಿಗೆಯನ್ನು ತಾಳ್ಮೆಯಿಂದ ಒರೆಸಿದರು. ಮತ್ತೆ ಲೈಟು ಆರಿಸಿ ನೋಡಿದರು. ಒರೆಸಿದ ಜಾಗ ಮಂಕಾಗಿ, ಕಪ್ಪಗೆ ಕಂಡಿತು.

"ನಾರಿನ ದಾರ," ಎಂದರು ಮೆಲ್ಲಗೆ. "ಇದು ಒರಿಜಿನಲ್. ನನ್ನ ರಿಪೋರ್ಟ್ ತಪ್ಪು." ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಅಲ್ಲೇ ಕಾಲಿಗೆ ಬೀಳುತ್ತಿದ್ದೆ. "ಆದ್ರೆ ಒಳಗಿನ ತುಕ್ಕು ಮಾತ್ರ ಎಕ್ಸ್‌ಪ್ಲೇನ್ ಆಗಲ್ಲ. ಅದು ಆರ್ಟಿಫಿಶಿಯಲ್..."

"ಅಯ್ಯೋ ನಿಮ್ಮ! ಅವರು ಅಲ್ಲೇ ಕೂತಿದ್ದಾರಲ್ರೀ, ಕೇಳ್ರೀ ಒಂದ್ ಸಲ!" ನಾನು ಕಿರುಚಿದ್ದು ಹೊರಗೆ ಕಾರ್ ಪಾರ್ಕಿಗೂ ಕೇಳಿಸಿರಬೇಕು.

ಇವರು ವೇದಿಕೆಯಿಂದ ಇಳಿದು ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಾಜಣ್ಣನವರ ಮುಂದೆ ನಿಂತರು. "ಅಂಕಲ್, ಇದರೊಳಗೆ ಏನ್ ಇಡ್ತಿದ್ರು?"

ರಾಜಣ್ಣನವರು ಮೊದಲು ಮಗನ ಮುಖ ನೋಡಿದರು, ಆಮೇಲೆ ಚೀಲ ನೋಡಿದರು.

"ಲಾಳದ ಮೊಳೆ," ಎಂದರು. "ನಮ್ ತಾತ ಯುದ್ಧ ಮಾಡಿದೋರಲ್ಲ. ಕುದುರೆಗೆ ಲಾಳ ಕಟ್ಟೋರು. ಯಾರನ್ನೂ ಹೊಡೀಲಿಲ್ಲ. ಜರ್ಮನಿಯೋರು ಬಿಟ್ಟು ಓಡಿಹೋದ ಡೇರೇಲಿ ಈ ಚೀಲ ಬಿದ್ದಿತ್ತಂತೆ. ಪಿಸ್ತೂಲು ಸಾಹೇಬ್ರು ತಗೊಂಡ್ರು, ಚೀಲ ಇವರಿಗೆ ಕೊಟ್ರು. ಸಾಯೋ ತನಕ ಮೊಳೆ ಹಾಕ್ಕೊಂಡು ಸೊಂಟಕ್ಕೆ ಕಟ್ಕೊಂಡಿದ್ರು. ನಾನು ಚಿಕ್ಕೋನಿದ್ದಾಗ ಕೈ ಹಾಕಿ ಚುಚ್ಚಿಸ್ಕೊಂಡಿದ್ದೀನಿ."

ನಮ್ಮವರು ಚೀಲದೊಳಗೆ ಇಣುಕಿದರು. ತುಕ್ಕಿನ ಚುಕ್ಕಿಗಳನ್ನು ಬೆರಳಿಂದ ಒಂದೊಂದಾಗಿ ಮುಟ್ಟಿ ನೋಡಿದರು.

ಇಂದ್ರೇಶ್ ಮುಂದೆ ಬಂದ. ಮುಖ ಕೆಂಪಾಗಿತ್ತು. "ಮತ್ತೆ ಮಾರ್ಕೆಟ್ಟಲ್ಲಿ ತಗೊಂಡೆ ಅಂದ್ರಲ್ಲ ಅಪ್ಪ?"

"ನಿನ್ ಮರ್ಯಾದೆ ಹೋಗ್ತಿತ್ತಲ್ಲಪ್ಪ, ಅದಕ್ಕೆ ಅಂದೆ." ರಾಜಣ್ಣನವರ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಹುಟ್ಟಿದಾಗಿಂದ ನಾನು ನಿಜಾನೇ ಹೇಳ್ತಿದ್ದೆ, ನೀನು ಸರ್ಟಿಫಿಕೇಟ್ ಕೇಳಿದೆ. ಒಂದೇ ಒಂದು ದಿನ ಸುಳ್ಳು ಹೇಳಿದೆ, ಏನೂ ಕೇಳದೆ ನೀನು ನಂಬಿಬಿಟ್ಟೆ."

ಸುದರ್ಶನ್ ಅವಸರ ಅವಸರವಾಗಿ ಹೊಸ ಕಾರ್ಡು, ಪೆನ್ನು ತಂದು, "ನಾನ್ ಬರೀತೀನಿ, ನಾನ್ ಬರೀತೀನಿ," ಎಂದ. ಇಂದ್ರೇಶ್ ಅವನ ಕೈಯಿಂದ ಪೆನ್ನು ಕಿತ್ತುಕೊಂಡು ಮೇಜಿನ ಮೇಲೆ ಬಗ್ಗಿ ತಾನೇ ಕನ್ನಡದಲ್ಲಿ ಬರೆಯತೊಡಗಿದ. ಮೊದಲನೇ ಸಾಲನ್ನು ಖಾಲಿ ಬಿಟ್ಟು ಎರಡನೇ ಸಾಲಿನಲ್ಲಿ "ಲಾಳ ಕಟ್ಟುವವರು, ಮೈಸೂರು ಲ್ಯಾನ್ಸರ್ಸ್" ಎಂದು ಬರೆದ. ಆಮೇಲೆ ಪೆನ್ನನ್ನು ಮೊದಲನೇ ಸಾಲಿಗೆ ತಂದು ಹಾಗೇ ನಿಂತುಬಿಟ್ಟ. ನಾವೆಲ್ಲ ಕಾಯುತ್ತಿದ್ದೆವು. ಅವನು ತಲೆ ಎತ್ತದೆ, ಬಹಳ ಸಣ್ಣ ದನಿಯಲ್ಲಿ ಕೇಳಿದ.

"ಅಪ್ಪ, ಮುತ್ತಜ್ಜನ ಹೆಸರೇನು?"

ರಾಜಣ್ಣನವರು ಎದ್ದು, ನಿಧಾನಕ್ಕೆ ನಡೆದು ಬಂದು ಮಗನ ಪಕ್ಕ ನಿಂತರು.

"ಸುಬ್ಬಣ್ಣ," ಎಂದರು. "ಸುಬ್ಬಣ್ಣ ಕಣೋ. ದೊಡ್ಡದಾಗಿ ಬರಿ."